16 ಮಿಲಿಸೆಕೆಂಡಿನ ಲೆಕ್ಕ

ಹಳೆಯ ಕಂಪ್ಯೂಟರಿನಲ್ಲಿ ಆಟ ತಡವರಿಸುತ್ತದೆ ಎಂದು ಅರ್ಧ ಲಕ್ಷ ರೂಪಾಯಿಯ ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದ ಮೇಲೂ ಆಟ ಮೊದಲಿನಷ್ಟೇ ತಡವರಿಸುವುದುಂಟು. ಅದೇ ಕಾರ್ಡನ್ನು ಬಿಚ್ಚಿ ಗೆಳೆಯನ ಕಂಪ್ಯೂಟರಿಗೆ ಹಾಕಿದರೆ ಅದೇ ಆಟ ಸಲೀಸಾಗಿ ಓಡುತ್ತದೆ. ಕಾರ್ಡ್ ಕೆಟ್ಟಿಲ್ಲ, ಆಟದಲ್ಲೂ ದೋಷವಿಲ್ಲ. ಇದಕ್ಕೆ ‘ಬಾಟಲ್‌ನೆಕ್’ ಕಾರಣ ಎಂಬ ಮಾತನ್ನು ಅಂಗಡಿಯವರಿಂದಲೋ ಯೂಟ್ಯೂಬಿನಿಂದಲೋ ಬಹುತೇಕರು ಕೇಳಿರುತ್ತಾರೆ. ಆ ಇಕ್ಕಟ್ಟು ಕಂಪ್ಯೂಟರಿನ ಯಾವ ಜಾಗದಲ್ಲಿ, ಯಾವಾಗ, ಏಕೆ ಹುಟ್ಟುತ್ತದೆ ಎಂಬುದು ತಿಳಿದರೆ ಮೊದಲ ಸಲ ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಗೇಮಿಂಗ್ ಕಂಪ್ಯೂಟರ್ ಜೋಡಿಸುವವರ ಅರ್ಧ ಗೊಂದಲ ಕಳೆಯುತ್ತದೆ.

ಒಂದು ಫ್ರೇಮ್ ತಯಾರಾಗುವ ಬಗೆ

ಪರದೆಯ ಮೇಲೆ ಕಾಣುವ ಚಲನೆಯೆಲ್ಲ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು. ಅಂಥ ಒಂದೊಂದು ಚಿತ್ರವೇ ಫ್ರೇಮ್. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್ ಸಾಕು, ಅವೂ ಮೊದಲೇ ತೆಗೆದಿಟ್ಟವು. ಆಟದಲ್ಲಿ ಹಾಗಲ್ಲ. ಆಟಗಾರ ಮೌಸನ್ನು ಎತ್ತ ತಿರುಗಿಸುತ್ತಾನೆ ಎಂಬುದು ಮೊದಲೇ ಗೊತ್ತಿರದ ಕಾರಣ ಪ್ರತಿ ಫ್ರೇಮನ್ನೂ ಆ ಗಳಿಗೆಯಲ್ಲೇ ಹೊಸದಾಗಿ ಬಿಡಿಸಬೇಕು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೂ ಸಿಗುವುದು 16.7 ಮಿಲಿಸೆಕೆಂಡ್. 144 ಬೇಕೆಂದರೆ 7 ಮಿಲಿಸೆಕೆಂಡೂ ಸಿಗುವುದಿಲ್ಲ.

ಈ ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಪ್ರೊಸೆಸರಿನದು. ಎದುರಾಳಿ ಎಲ್ಲಿ ಓಡಿದ, ಹಾರಿಸಿದ ಗುಂಡು ಗೋಡೆಗೆ ತಾಗಿತೋ ಇಲ್ಲವೋ, ಈಗ ಕಣ್ಣಿಗೆ ಬೀಳಬೇಕಾದ ವಸ್ತುಗಳು ಯಾವುವು ಎಂಬುದನ್ನೆಲ್ಲ ತೀರ್ಮಾನಿಸಿ ಅದು ಗ್ರಾಫಿಕ್ಸ್ ಕಾರ್ಡಿಗೆ ಒಂದು ಆದೇಶಪಟ್ಟಿ ಕಳಿಸುತ್ತದೆ. ಎರಡನೆಯ ಹಂತದಲ್ಲಿ ಕಾರ್ಡು ಆ ಪಟ್ಟಿಯಂತೆ ಪರದೆಯ ಪ್ರತಿಯೊಂದು ಚುಕ್ಕಿಗೂ, ಅಂದರೆ ಪಿಕ್ಸೆಲ್‌ಗೂ, ಯಾವ ಬಣ್ಣ ಎಂದು ಲೆಕ್ಕ ಹಾಕುತ್ತದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಹೆಚ್ಚು ಜನರಿಗೆ ಜೋಳದ ರೊಟ್ಟಿ ಮಾಡುವಾಗ ಒಬ್ಬರು ಬಡಿಯುತ್ತಾರೆ, ಇನ್ನೊಬ್ಬರು ಹಂಚಿನ ಮೇಲೆ ಬೇಯಿಸುತ್ತಾರೆ. ಒಂದು ರೊಟ್ಟಿ ಹಂಚಿನ ಮೇಲಿರುವಾಗಲೇ ಮುಂದಿನದು ಕೈಯಲ್ಲಿ ಅಗಲವಾಗುತ್ತಿರುತ್ತದೆ. ಪ್ರೊಸೆಸರ್ ಮತ್ತು ಕಾರ್ಡಿನ ನಡುವೆಯೂ ಇದೇ ಏರ್ಪಾಟು. ಬುಟ್ಟಿಗೆ ರೊಟ್ಟಿ ಬೀಳುವ ವೇಗವನ್ನು ನಿರ್ಧರಿಸುವುದು ಇಬ್ಬರ ಒಟ್ಟು ಸಾಮರ್ಥ್ಯವೂ ಅಲ್ಲ, ಸರಾಸರಿಯೂ ಅಲ್ಲ. ಇಬ್ಬರಲ್ಲಿ ನಿಧಾನವಾದವರ ಕೈ. ಬಡಿಯುವವರು ಸೋತಿದ್ದರೆ ಹಂಚಿನ ಕೆಳಗೆ ಎಷ್ಟು ಉರಿ ಹಾಕಿದರೂ ಹಂಚು ಖಾಲಿ ಕಾಯುತ್ತದೆ, ಅಷ್ಟೇ.

ಅಂಕಿಯಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಒಂದು ಆಟದಲ್ಲಿ ಪ್ರೊಸೆಸರಿಗೆ ಫ್ರೇಮೊಂದಕ್ಕೆ 12 ಮಿಲಿಸೆಕೆಂಡ್, ಕಾರ್ಡಿಗೆ 18 ಮಿಲಿಸೆಕೆಂಡ್ ಬೇಕು ಎಂದುಕೊಳ್ಳೋಣ. ಆಗ ಸೆಕೆಂಡಿಗೆ ಬರುವ ಫ್ರೇಮು ಸುಮಾರು 55. ಎರಡು ಪಟ್ಟು ವೇಗದ ಕಾರ್ಡ್ ತಂದರೆ ಅದರ ಕೆಲಸ 9 ಮಿಲಿಸೆಕೆಂಡಿಗೆ ಇಳಿಯುತ್ತದೆ. ಆದರೆ ಫ್ರೇಮು 110 ಆಗುವುದಿಲ್ಲ, 83ಕ್ಕೆ ನಿಲ್ಲುತ್ತದೆ. ಏಕೆಂದರೆ ಈಗ 12 ಮಿಲಿಸೆಕೆಂಡಿನ ಪ್ರೊಸೆಸರ್ ಅಡ್ಡ ನಿಂತಿದೆ. ಅದಕ್ಕೂ ಎರಡು ಪಟ್ಟು ವೇಗದ ಕಾರ್ಡ್ ತಂದರೂ ಅದೇ 83. ಎರಡನೆಯ ಸಲ ಸುರಿದ ಹಣ ಪೂರ್ತಿ ವ್ಯರ್ಥ.

ಇಕ್ಕಟ್ಟು ಎಲ್ಲಿದೆ ಎಂದು ಕಂಡುಹಿಡಿಯುವುದು ಕಷ್ಟವಲ್ಲ. ಆಟ ನಡೆಯುವಾಗ ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಬೇಕು. ಕಾರ್ಡಿನ ಬಳಕೆ ನೂರರ ಹತ್ತಿರವಿದ್ದರೆ ಕಾರ್ಡೇ ಇಕ್ಕಟ್ಟು. ಫ್ರೇಮಿಗೆ ಮಿತಿ ಹಾಕದೆಯೂ ಅದು ಶೇಕಡಾ 60ರ ಆಸುಪಾಸಿನಲ್ಲೇ ಉಳಿದರೆ ಕಾರ್ಡು ಪ್ರೊಸೆಸರಿಗಾಗಿ ಕಾಯುತ್ತಿದೆ ಎಂದರ್ಥ. ಪ್ರೊಸೆಸರಿನ ಒಟ್ಟು ಬಳಕೆ ಮಾತ್ರ ಮೋಸ ಮಾಡುತ್ತದೆ: ಅದರೊಳಗಿನ ಎಂಟು ಕೋರುಗಳಲ್ಲಿ, ಅಂದರೆ ಬೇರೆ ಬೇರೆಯಾಗಿ ದುಡಿಯುವ ಲೆಕ್ಕದ ಘಟಕಗಳಲ್ಲಿ, ಆಟದ ಮುಖ್ಯ ಕೆಲಸ ಹೊತ್ತ ಒಂದು ಕೋರು ಏದುಸಿರು ಬಿಡುತ್ತಿದ್ದರೂ ಒಟ್ಟು ಬಳಕೆ ಶೇಕಡಾ 30 ಎಂದು ತೋರಿಸಬಹುದು.

ಮೊದಲು ಮಾನಿಟರ್

ಇಲ್ಲಿಂದ ಹೊರಡುವ ಮೊದಲ ಸಲಹೆ ಹೊಸಬರಿಗೆ ವಿಚಿತ್ರವೆನಿಸಬಹುದು: ಬಿಡಿಭಾಗಗಳ ಆಯ್ಕೆ ಶುರುವಾಗಬೇಕಾದದ್ದು ಪೆಟ್ಟಿಗೆಯ ಹೊರಗಿರುವ ಮಾನಿಟರಿನಿಂದ. ಕಾರ್ಡಿನ ಕೆಲಸದ ಹೊರೆಯನ್ನು ಗೊತ್ತುಮಾಡುವುದೇ ಅದು. 1080ಪಿ ಪರದೆಯಲ್ಲಿ 1920 ಗುಣಿಸು 1080, ಅಂದರೆ ಸುಮಾರು 20.7 ಲಕ್ಷ ಚುಕ್ಕಿಗಳಿವೆ. 1440ಪಿಯಲ್ಲಿ 36.9 ಲಕ್ಷ. 4ಕೆ ಪರದೆಯಲ್ಲಿ 82.9 ಲಕ್ಷ, ಅಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಚುಕ್ಕಿ ಹೆಚ್ಚಿದಂತೆ ಕಾರ್ಡಿನ ಕೆಲಸ ಹೆಚ್ಚುತ್ತದೆ, ಪ್ರೊಸೆಸರಿನ ಕೆಲಸ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಎದುರಾಳಿ ಎಲ್ಲಿದ್ದಾನೆ ಎಂದು ಲೆಕ್ಕ ಹಾಕಲು ಪರದೆ ಎಷ್ಟು ದೊಡ್ಡದು ಎಂಬುದು ಬೇಕಾಗಿಲ್ಲವಲ್ಲ.

ಎರಡನೆಯ ಅಂಕಿ ಹರ್ಟ್ಸ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸಬಲ್ಲದು ಎಂಬುದು. 60 ಹರ್ಟ್ಸ್ ಮಾನಿಟರಿನ ಮುಂದೆ ಸೆಕೆಂಡಿಗೆ 200 ಫ್ರೇಮ್ ಬಿಡಿಸುವ ಯಂತ್ರವನ್ನಿಟ್ಟರೆ ಹೆಚ್ಚಿನ ಫ್ರೇಮುಗಳು ಕಣ್ಣಿಗೆ ಬೀಳುವುದೇ ಇಲ್ಲ. ಹರ್ಟ್ಸ್ ಏರಿದಂತೆ ಒತ್ತಡ ಇಬ್ಬರ ಮೇಲೂ ಏರುತ್ತದೆ. 4ಕೆ ಪರದೆಯನ್ನು 60 ಹರ್ಟ್ಸ್‌ನಲ್ಲಿ ತುಂಬಲು ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕಿ ಬೇಕು. 1440ಪಿ ಪರದೆಯನ್ನು 144 ಹರ್ಟ್ಸ್‌ನಲ್ಲಿ ತುಂಬಲು 53 ಕೋಟಿ. ಕಾರ್ಡಿಗೆ ಎರಡೂ ಹತ್ತಿರ ಹತ್ತಿರ. ಪ್ರೊಸೆಸರಿಗೆ ಮಾತ್ರ ಎರಡನೆಯದು ಎರಡೂವರೆ ಪಟ್ಟಿನ ಹತ್ತಿರದ ದುಡಿಮೆ.

ಹೀಗಾಗಿ ‘ವ್ಯಾಲರಂಟ್’, ‘ಕೌಂಟರ್-ಸ್ಟ್ರೈಕ್ 2’ ಬಗೆಯ ಸ್ಪರ್ಧೆಯ ಆಟಗಳನ್ನು 1080ಪಿಯಲ್ಲಿ ಹೆಚ್ಚು ಹರ್ಟ್ಸ್‌ಗೆ ಆಡುವವರು ಪ್ರೊಸೆಸರಿಗೆ ಹೆಚ್ಚು ಹಣ ಎತ್ತಿಡಬೇಕು. ‘ಸೈಬರ್‌ಪಂಕ್ 2077’ ತರಹದ, ಬೆಳಕು ನೆರಳಿನ ವೈಭವದ ಆಟಗಳನ್ನು 1440ಪಿ ಅಥವಾ 4ಕೆಯಲ್ಲಿ ಆಡುವವರು ಕಾರ್ಡಿಗೆ ಕೊಡಬೇಕು. ಎರಡು ಬಿಡಿಭಾಗಗಳ ಹೆಸರು ಕೊಟ್ಟರೆ ಬಾಟಲ್‌ನೆಕ್ ಶೇಕಡಾ ಇಷ್ಟು ಎಂದು ಹೇಳುವ ಕ್ಯಾಲ್ಕುಲೇಟರುಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಯಾವ ಆಟ, ಯಾವ ಪರದೆ ಎಂಬುದನ್ನು ಬಿಟ್ಟು ಹೇಳಿದ ಆ ಶೇಕಡಾವಾರಿಗೆ ಅರ್ಥವಿಲ್ಲ. ಮೊದಲ ಜೋಡಣೆಗೆ 1080ಪಿ ಅಥವಾ 1440ಪಿಯೇ ಲೇಸು. 4ಕೆಯ ಆಸೆ ಕಾರ್ಡಿನ ಬೆಲೆಯನ್ನು ಎಲ್ಲಿಗೋ ಒಯ್ಯುತ್ತದೆ.

ಕಾರ್ಡು ಮತ್ತು ಅದರ ಸ್ವಂತ ಸ್ಮೃತಿ

ಲಕ್ಷಾಂತರ ಚುಕ್ಕಿಗಳ ಲೆಕ್ಕ ಬೇರೆ ಬೇರೆಯಾಗಿ, ಏಕಕಾಲಕ್ಕೆ ನಡೆಯಬಹುದು. ಅದಕ್ಕೇ ಗ್ರಾಫಿಕ್ಸ್ ಕಾರ್ಡಿನೊಳಗೆ ಸಾವಿರಾರು ಚಿಕ್ಕ ಲೆಕ್ಕಿಗರಿರುತ್ತಾರೆ: ಎನ್ವಿಡಿಯಾದ ಆರ್‌ಟಿಎಕ್ಸ್ 4060ರಲ್ಲಿ 3072, ಅದರ ಅಣ್ಣ 4090ರಲ್ಲಿ 16,384. ಕೊಳ್ಳುವವರ ಕಣ್ಣು ಸಾಮಾನ್ಯವಾಗಿ ಇಲ್ಲೇ ನಿಲ್ಲುತ್ತದೆ. ಕಾರ್ಡಿನ ಮೇಲೇ ಕೂತಿರುವ ಸ್ಮೃತಿ, ಅಂದರೆ ವಿರ್ಯಾಮ್, ಅಷ್ಟೇ ಗಮನಕ್ಕೆ ಅರ್ಹ.

ಗೋಡೆಯ ಇಟ್ಟಿಗೆ, ಎಲೆ, ಚರ್ಮ, ಬಟ್ಟೆಗಳ ಮೇಲ್ಮೈ ಚಿತ್ರಗಳೆಲ್ಲ ಈ ಸ್ಮೃತಿಯಲ್ಲಿರಬೇಕು. 4060ರಲ್ಲಿ ಅದು 8 ಜಿಬಿ, ಅಲ್ಲಿಂದ ಸೆಕೆಂಡಿಗೆ 272 ಜಿಬಿ ವೇಗದಲ್ಲಿ ಮಾಹಿತಿ ಎತ್ತಬಹುದು. ಆಟಕ್ಕೆ 9 ಜಿಬಿ ಬೇಕಾಯಿತು ಎಂದುಕೊಳ್ಳೋಣ. ಉಳಿದದ್ದು ಕಂಪ್ಯೂಟರಿನ ಸಾಮಾನ್ಯ ರ್ಯಾಮಿಗೆ ಹೋಗಿ ಕೂರುತ್ತದೆ. ಬೇಕಾದಾಗಲೆಲ್ಲ ಅದನ್ನು ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ತರಿಸಬೇಕು. ಆ ಕಾರ್ಡಿಗೆ ಎಂಟು ಲೇನು ಮಾತ್ರ. ನಾಲ್ಕನೇ ಪೀಳಿಗೆಯ ಬೋರ್ಡಿನಲ್ಲಿ ಅಲ್ಲಿ ಓಡುವುದು ಸೆಕೆಂಡಿಗೆ ಸುಮಾರು 16 ಜಿಬಿ, ಮೂರನೇ ಪೀಳಿಗೆಯ ಹಳೆಯ ಬೋರ್ಡಿನಲ್ಲಿ ಅದರ ಅರ್ಧ. ಹದಿನೇಳು ಪಟ್ಟು ಇಲ್ಲವೇ ಮೂವತ್ತನಾಲ್ಕು ಪಟ್ಟು ನಿಧಾನ! ಹೆಚ್ಚಿನ ಫ್ರೇಮುಗಳು 16 ಮಿಲಿಸೆಕೆಂಡಿನಲ್ಲಿ ಮುಗಿದು, ನಡುವೆ ಯಾವುದೋ ಒಂದು 60 ಮಿಲಿಸೆಕೆಂಡ್ ಎಳೆದರೆ ಕಣ್ಣಿಗೆ ಥಟ್ಟನೆ ಮುಗ್ಗರಿಸಿದಂತಾಗುತ್ತದೆ. ಸರಾಸರಿ ಫ್ರೇಮು ಚೆನ್ನಾಗಿದ್ದೂ ಆಟ ತಡವರಿಸುವುದಕ್ಕೆ ಇದೊಂದು ಸಾಮಾನ್ಯ ಕಾರಣ. ವಿಮರ್ಶೆಗಳಲ್ಲಿ ಸರಾಸರಿಯ ಪಕ್ಕದಲ್ಲಿ ‘1% ಲೋ’ ಎಂಬ ಅಂಕಿ ಇರುತ್ತದೆ. ಅತಿ ನಿಧಾನವಾದ ಫ್ರೇಮುಗಳ ಲೆಕ್ಕ ಅದು, ಓದಬೇಕಾದದ್ದು ಅದನ್ನೇ.

2023ರಲ್ಲಿ ಬಂದ 4060 ಟಿಐ ಒಂದೇ ಚಿಪ್ಪಿನಲ್ಲಿ 8 ಜಿಬಿ ಮತ್ತು 16 ಜಿಬಿಯ ಎರಡು ರೂಪಗಳಲ್ಲಿ ಸಿಕ್ಕಿತು. 8 ಜಿಬಿಯೊಳಗೆ ಹಿಡಿಸುವ ಆಟದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ಹಿಡಿಸದ ಆಟದಲ್ಲಿ ಅಜಗಜಾಂತರ. ಹೊಸದಾಗಿ ಕೊಳ್ಳುವವರು 1440ಪಿಯಲ್ಲಿ ಆಡುವುದಾದರೆ 12 ಜಿಬಿಗಿಂತ ಕಡಿಮೆಯದಕ್ಕೆ ಕೈಹಾಕದಿರುವುದು ಒಳ್ಳೆಯದು.

ಎನ್ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್ ತಂತ್ರಗಳು ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಆಮೇಲೆ ಹಿಗ್ಗಿಸುತ್ತವೆ. 4ಕೆ ಪರದೆಯಲ್ಲಿ ‘ಪರ್ಫಾರ್ಮೆನ್ಸ್’ ಆಯ್ಕೆ ಒತ್ತಿದರೆ ಕಾರ್ಡು ಒಳಗೊಳಗೆ ಬಿಡಿಸುವುದು 1080ಪಿ ಚಿತ್ರವನ್ನು. ಕಾರ್ಡಿನ ಹೊರೆ ಇಳಿಯುತ್ತದೆ, ಇಕ್ಕಟ್ಟು ಪ್ರೊಸೆಸರಿನತ್ತ ಸರಿಯುತ್ತದೆ.

ಪ್ರೊಸೆಸರ್: ಕಾಯುವ ಕಾಲದ ಲೆಕ್ಕ

ಪ್ರೊಸೆಸರ್ ಕೊಳ್ಳುವಾಗ ಗಿಗಾಹರ್ಟ್ಸ್ ಮತ್ತು ಕೋರುಗಳ ಸಂಖ್ಯೆ ನೋಡುವುದು ರೂಢಿ. 2022ರ ಏಪ್ರಿಲ್‌ನಲ್ಲಿ ಎಎಂಡಿ ಹೊರತಂದ ರೈಜನ್ 7 5800ಎಕ್ಸ್3ಡಿ ಈ ರೂಢಿಯನ್ನು ತಲೆಕೆಳಗು ಮಾಡಿತು. ಅದರ ಅಣ್ಣ 5800ಎಕ್ಸ್‌ಗೂ ಇದಕ್ಕೂ ಎಂಟೆಂಟೇ ಕೋರು. ಅಣ್ಣನ ಗರಿಷ್ಠ ವೇಗ 4.7 ಗಿಗಾಹರ್ಟ್ಸ್, ತಮ್ಮನದು 4.5. ಆದರೂ ಆಟಗಳಲ್ಲಿ ತಮ್ಮನೇ ಮುಂದೆ. ಕಾರಣ ಒಂದೇ: ಕ್ಯಾಶೆ ಎಂದು ಕರೆಯುವ ಒಳಸ್ಮೃತಿ ಅಣ್ಣನಲ್ಲಿ 32 ಎಂಬಿ, ತಮ್ಮನಲ್ಲಿ ಚಿಪ್ಪಿನ ಮೇಲೆ ಇನ್ನೊಂದು ಪದರ ಹೊರಿಸಿ ಅದನ್ನು 96 ಎಂಬಿಗೆ ಏರಿಸಲಾಗಿತ್ತು.

ಈ ಪದರ ಅಷ್ಟು ಉಪಕಾರಿಯಾದದ್ದೇಕೆ? 4.5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 450 ಕೋಟಿ ಬಡಿತ. ಬೇಕಾದ ಮಾಹಿತಿ ಕ್ಯಾಶೆಯಲ್ಲಿ ಸಿಗದೆ ರ್ಯಾಮಿನಿಂದ ತರಬೇಕಾದರೆ ಸುಮಾರು 70-80 ನ್ಯಾನೋಸೆಕೆಂಡ್ ಹಿಡಿಯುತ್ತದೆ. ನಮಗದು ಲೆಕ್ಕಕ್ಕೇ ಬಾರದ ಅವಧಿ. ಪ್ರೊಸೆಸರಿಗೆ 300ಕ್ಕೂ ಹೆಚ್ಚು ಬಡಿತಗಳ ಬಿಡುವು. ಆಟದಲ್ಲಿ ನೂರಾರು ಪಾತ್ರ, ಸಾವಿರಾರು ವಸ್ತುಗಳ ಸಣ್ಣಪುಟ್ಟ ವಿವರಗಳನ್ನು ಫ್ರೇಮು ಫ್ರೇಮಿಗೂ ಎಲ್ಲೆಲ್ಲಿಂದಲೋ ಹೆಕ್ಕಬೇಕು. ಬಹುಪಾಲು ಕೈಯಳತೆಯಲ್ಲೇ ಸಿಕ್ಕರೆ ಕಾಯುವುದು ತಪ್ಪುತ್ತದೆ. ವಿಡಿಯೊ ರೆಂಡರಿಂಗ್‌ನಂಥ, ಮಾಹಿತಿ ಸಾಲಾಗಿ ಹರಿದುಬರುವ ಕೆಲಸಗಳಲ್ಲಿ ಈ ಲಾಭ ಕಾಣುವುದಿಲ್ಲ. ಅಲ್ಲಿ ಅಣ್ಣನೇ ತುಸು ಮುಂದು.

ಎಂಟು ಕೋರಿನಾಚೆಗೆ ಹೆಚ್ಚು ಕೋರುಗಳಿಗೆ ಹಣ ಕೊಟ್ಟರೆ ಆಟದಲ್ಲಿ ಸಿಗುವ ಲಾಭ ಅತ್ಯಲ್ಪ. ಮೊದಲ ಕಂಪ್ಯೂಟರಿಗೆ ಇತ್ತೀಚಿನ ಪೀಳಿಗೆಯ ಆರು ಕೋರಿನ ಪ್ರೊಸೆಸರ್ ಧಾರಾಳ. ಇಂಟೆಲ್ ಹೆಸರುಗಳ ಕೊನೆಗೆ ‘ಎಫ್’ ಇದ್ದರೆ ಅದರೊಳಗೆ ಚಿತ್ರ ತೋರಿಸುವ ಭಾಗವಿಲ್ಲ. ಬೆಲೆ ಕಡಿಮೆ, ಆದರೆ ಕಾರ್ಡು ಕೆಟ್ಟು ಸರ್ವೀಸಿಗೆ ಹೋದರೆ ಪರದೆ ಕತ್ತಲು.

ರ್ಯಾಮ್, ಎಸ್‌ಎಸ್‌ಡಿ, ಮದರ್‌ಬೋರ್ಡ್

ರ್ಯಾಮಿನ ಮಾತು ಎರಡೇ. 16 ಜಿಬಿಯ ಒಂದೇ ಪಟ್ಟಿ ತರುವ ಬದಲು 8 ಜಿಬಿಯ ಎರಡು ತಂದರೆ ಪ್ರೊಸೆಸರಿಗೆ ಎರಡು ದಾರಿ ತೆರೆದು ಮಾಹಿತಿ ಹರಿವು ದುಪ್ಪಟ್ಟಾಗುತ್ತದೆ. ಹಣವಿದ್ದರೆ 16 ಜಿಬಿಯ ಎರಡು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಅವನ್ನು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಇನ್ನೊಂದು, ಪೆಟ್ಟಿಗೆಯ ಮೇಲೆ 6000 ಎಂದು ಬರೆದಿದ್ದರೂ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯಾಸಿಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ಆನ್ ಮಾಡುವವರೆಗೆ ರ್ಯಾಮು ಆ ವೇಗಕ್ಕೆ ಏರುವುದಿಲ್ಲ. ವರ್ಷಗಟ್ಟಲೆ ಹಾಗೆಯೇ ನಿಧಾನವಾಗಿ ಓಡಿಸಿದವರು ಬೇಕಾದಷ್ಟು ಜನ.

ಎಸ್‌ಎಸ್‌ಡಿಯಿಂದ ಫ್ರೇಮು ಹೆಚ್ಚುವುದಿಲ್ಲ, ಆಟ ಬೇಗ ತೆರೆದುಕೊಳ್ಳುತ್ತದೆ. ತಿರುಗುವ ಹಾರ್ಡ್ ಡಿಸ್ಕನ್ನು ಇಂದಿನ ಆಟಗಳಿಗೆ ಬಳಸುವಂತಿಲ್ಲ. ಅದರಾಚೆಗೆ ಸೆಕೆಂಡಿಗೆ 3500 ಎಂಬಿಯದೋ 7000 ಎಂಬಿಯದೋ ಎಂಬುದರಿಂದ ಹೆಚ್ಚಿನ ಆಟಗಳಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ.

ಮದರ್‌ಬೋರ್ಡಿನಲ್ಲಿ ನೋಡಬೇಕಾದದ್ದು ಪ್ರೊಸೆಸರ್ ಕೂರುವ ಸಾಕೆಟ್. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂತು, ಅದಕ್ಕೆ ಡಿಡಿಆರ್5 ರ್ಯಾಮ್ ಮಾತ್ರ. ಇಂಟೆಲ್‌ನ ಎಲ್‌ಜಿಎ 1700 ಬೋರ್ಡುಗಳಲ್ಲಿ ಕೆಲವಕ್ಕೆ ಡಿಡಿಆರ್4, ಕೆಲವಕ್ಕೆ ಡಿಡಿಆರ್5. ಒಂದರ ಪಟ್ಟಿ ಇನ್ನೊಂದರ ಸ್ಲಾಟಿನಲ್ಲಿ ಕೂರುವುದೇ ಇಲ್ಲ, ಸೀಳಿನ ಜಾಗ ಬೇರೆ. ಬೋರ್ಡಿಗೆ ದುಬಾರಿ ಬೆಲೆ ತೆತ್ತರೆ ಸಿಗುವುದು ಹೆಚ್ಚುವರಿ ಪೋರ್ಟುಗಳು ಮತ್ತು ಬಣ್ಣದ ದೀಪ, ಫ್ರೇಮುಗಳಲ್ಲ.

ವಿದ್ಯುತ್ತು ಮತ್ತು ಬಿಸಿ

ಹಣ ಉಳಿಸಬಾರದ ಜಾಗ ಒಂದಿದ್ದರೆ ಅದು ಪವರ್ ಸಪ್ಲೈ. ಕಾರ್ಡು, ಪ್ರೊಸೆಸರ್ ಎರಡೂ ಫ್ರೇಮಿನಿಂದ ಫ್ರೇಮಿಗೆ ಒಮ್ಮೆ ದುಡಿದು ಒಮ್ಮೆ ಬಿಡುವು ಪಡೆಯುವುದರಿಂದ ವಿದ್ಯುತ್ತಿನ ಬೇಡಿಕೆ ಸಮವಾಗಿರುವುದಿಲ್ಲ. ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಗೆ ಅದು ಸರಾಸರಿಗಿಂತ ಎಷ್ಟೋ ಮೇಲೆ ಜಿಗಿಯುತ್ತದೆ. ಅಗ್ಗದ ಸಪ್ಲೈ ಆ ಜಿಗಿತಕ್ಕೆ ಹೆದರಿ ಆಫ್ ಆಗುತ್ತದೆ, ಆಟದ ನಡುವೆ ಕಂಪ್ಯೂಟರ್ ಸತ್ತಂತೆ ನಿಲ್ಲುತ್ತದೆ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮಗಳು ಸಪ್ಲೈ ತನ್ನ ಮೇಲೆ ಬರೆದ ವ್ಯಾಟಿನ ಎರಡು ಪಟ್ಟು ಬೇಡಿಕೆಯನ್ನು 100 ಮೈಕ್ರೋಸೆಕೆಂಡ್ ತಾಳಬೇಕೆಂದು ಹೇಳಿದ್ದು ಇದೇ ಕಾರಣಕ್ಕೆ.

ಲೆಕ್ಕ ಸುಲಭ. ಆರ್‌ಟಿಎಕ್ಸ್ 4060ಗೆ 115 ವ್ಯಾಟ್, ರೈಜನ್ 5 7600ಗೆ ಹೆಚ್ಚೆಂದರೆ 88, ಉಳಿದದ್ದಕ್ಕೆ 50-60. ಒಟ್ಟು ಸುಮಾರು 260 ವ್ಯಾಟ್. ಒಳ್ಳೆಯ ಕಂಪನಿಯ 550 ವ್ಯಾಟಿನ ಸಪ್ಲೈ ಇದಕ್ಕೆ ನಿಶ್ಚಿಂತೆ. ‘80 ಪ್ಲಸ್ ಗೋಲ್ಡ್’ ಎಂಬ ಚಿನ್ನದ ಬಣ್ಣದ ಚೀಟಿ ಹೇಳುವುದು ವಿದ್ಯುತ್ತು ಎಷ್ಟು ಕಡಿಮೆ ಪೋಲಾಗುತ್ತದೆ ಎಂಬುದನ್ನಷ್ಟೇ, ಒಳಗಿನ ರಕ್ಷಣೆಯ ಗುಣವನ್ನಲ್ಲ. ಒಂದು ಸಪ್ಲೈಯ ಕಳಚುವ ಕೇಬಲ್ಲುಗಳನ್ನು ಇನ್ನೊಂದಕ್ಕೆ ಹಾಕುವುದು ಅಪಾಯ: ಪ್ಲಗ್ಗು ಸರಿಯಾಗಿ ಕೂತರೂ ಒಳಗಿನ ತಂತಿಗಳ ಕ್ರಮ ಬೇರೆಯಿದ್ದು ಡಿಸ್ಕುಗಳೇ ಸುಡಬಹುದು. ಕರೆಂಟು ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಬೇಕೇ ಬೇಕು. ಆದರೆ ಅಗ್ಗದ 600 ವಿಎ ಯುಪಿಎಸ್ ನಿಜಕ್ಕೂ ಕೊಡುವುದು 360 ವ್ಯಾಟಿನ ಆಸುಪಾಸು, ಅದರಲ್ಲಿ ಮಾನಿಟರಿನ ಪಾಲೂ ಸೇರಿದೆ.

ಒಳಹೋದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿ ಹೊರಬರಬೇಕು. ಫ್ಯಾನು ಎಷ್ಟೇ ಒಳ್ಳೆಯದಾದರೂ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಬೇರೆಡೆ 25 ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿ 75 ಡಿಗ್ರಿ ತೋರಿಸಿದ ಕಾರ್ಡು 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ 90ರ ಹತ್ತಿರ ಹೋಗುತ್ತದೆ, ಮಿತಿ ಮುಟ್ಟಿದಾಗ ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಆದ್ದರಿಂದ ಮುಂಭಾಗ ಪೂರ್ತಿ ಗಾಜಿರುವ ಚೆಲುವಾದ ಕ್ಯಾಬಿನೆಟ್‌ಗಿಂತ ಮುಂದೆ ಜಾಲರಿ, ಅದರ ಹಿಂದೆ ತೊಳೆಯಬಹುದಾದ ದೂಳುತಡೆ ಇರುವುದು ನಮ್ಮ ಹವೆಗೆ ಸರಿ.

ಕೊಳ್ಳುವಾಗ, ಜೋಡಿಸಿದಾಗ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿಗೆ ಎಲ್ಲವೂ ಸಿಗುತ್ತದೆ. ಬೆಲೆ ದಿನದಿನಕ್ಕೆ ಬದಲಾಗುವುದರಿಂದ ನಾಲ್ಕು ಅಂಗಡಿ ವಿಚಾರಿಸಿ, ಆನ್‌ಲೈನ್ ಬೆಲೆಯನ್ನೂ ನೋಡಿಕೊಳ್ಳುವುದು ಜಾಣತನ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು. ಅಮೆರಿಕದಲ್ಲಿರುವ ಅಣ್ಣನ ಕೈಲಿ ತರಿಸಿದ ಕಾರ್ಡು ಅಗ್ಗವೆನಿಸಿದರೂ ಅದಕ್ಕೆ ಇಲ್ಲಿ ವಾರಂಟಿ ಸಿಗದಿರಬಹುದು. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ನಾಣ್ಯದ ‘ಗಣಿಗಾರಿಕೆ’ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದವು. ಹಳೆಯ ಕಾರ್ಡನ್ನು ಅರ್ಧ ಗಂಟೆಯಾದರೂ ಆಟ ಓಡಿಸಿ ನೋಡದೆ ಕೊಳ್ಳಬಾರದು.

ಜೋಡಣೆ ಮುಗಿದ ಮೇಲೆ ಇನ್ನೆರಡು ಕೆಲಸ. ಮಾನಿಟರಿನ ಕೇಬಲ್ಲು ಕಾರ್ಡಿನ ಪೋರ್ಟಿಗೇ ಹೋಗಬೇಕು. ಮದರ್‌ಬೋರ್ಡಿನದಕ್ಕೆ ಚುಚ್ಚಿದರೆ ಪರದೆಯೇ ಬರುವುದಿಲ್ಲ, ಇಲ್ಲವೇ ಪ್ರೊಸೆಸರಿನೊಳಗಿನ ಬಡ ಗ್ರಾಫಿಕ್ಸಿನಲ್ಲಿ ಆಟ ತೆವಳುತ್ತದೆ. 144 ಹರ್ಟ್ಸ್ ಮಾನಿಟರನ್ನೂ ವಿಂಡೋಸ್ ಎಷ್ಟೋ ಸಲ 60ಕ್ಕೇ ಇಟ್ಟಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸಿನ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ಅದನ್ನು ಕೈಯಾರೆ 144ಕ್ಕೆ ಬದಲಾಯಿಸಬೇಕು.